ಕತ್ತಲ ಕೋಣೆಯಲ್ಲಿ ಸೊಪ್ಪು

ಸ್ಟುಡಿಯೋದ ಒಳಕೋಣೆಯಿಂದ,
ಭಾನುವಾರ ಮಧ್ಯಾಹ್ನ, ತಾರೀಖು ಎಂಟು

ಮನುಷ್ಯರನ್ನು ಬಿಟ್ಟು ಸೋಫಾಗಳ ಫೋಟೋ ತೆಗೆಯುತ್ತಿರುವ ನನ್ನ ಯಜಮಾನರಿಗೆ, ಸ್ಟುಡಿಯೋದಾಕೆ ಮಾಡುವ ನಮಸ್ಕಾರಗಳು.

ನಾವು ಚೆನ್ನಾಗಿದ್ದೇವೆ. ನಾವು ಎಂದರೆ ನಾನು, ಮಾವ ಮತ್ತು ಸುಮಾರು ಐನೂರು ಗಿಡಗಳು. ನಿಮ್ಮ ಕಾಗದ ಹೋದ ವಾರ ತಲುಪಿತು. ನೀವು ಹೋದ ಮೇಲೆ ಬರೆದವುಗಳಲ್ಲಿ ಅದೇ ಉದ್ದದ್ದು, ಪೂರ್ತಿ ಒಂದು ಪುಟ. ಅದರಲ್ಲಿ ನನ್ನ ಬಗ್ಗೆ ಇದ್ದದ್ದು ಅರ್ಧ ಸಾಲು, ಉಳಿದದ್ದೆಲ್ಲ ಗಿರಾಕಿಯ ಬಗ್ಗೆ. ಸ್ಟುಡಿಯೋ ಕೊಳ್ಳಲು ಒಬ್ಬರು ಸಿದ್ಧರಿದ್ದಾರೆ, ತಿಂಗಳ ಕೊನೆಗೆ ನೋಡಲು ಬರುತ್ತಾರೆ, ಅಪ್ಪನನ್ನು ನೀನೇ ಒಪ್ಪಿಸಬೇಕು, ನಿನ್ನ ಮಾತಾದರೆ ಅವರು ಕೇಳುತ್ತಾರೆ ಎಂದು ಬರೆದಿದ್ದೀರಿ. ಕೊನೆಗೆ, ಆ ಕತ್ತಲ ಕೋಣೆಯಲ್ಲಿ ಇನ್ನೇನು ಬೆಳೆಯುತ್ತದೆ ಎಂದೂ ಕೇಳಿದ್ದೀರಿ.

ಕೇಳಿದ್ದು ತಮಾಷೆಗೋ ಬೇಸರಕ್ಕೋ ತಿಳಿಯಲಿಲ್ಲ. ಪ್ರಶ್ನೆಯಂತೂ ಸರಿಯಾಗಿದೆ, ಉತ್ತರವೂ ನನ್ನ ಹತ್ತಿರ ಇದೆ. ಲೆಟಿಸ್ ಸೊಪ್ಪು ಬೆಳೆಯುತ್ತದೆ, ಪಾಲಕ್ ಬೆಳೆಯುತ್ತದೆ, ಪುದೀನ ಬೇಡವೆಂದರೂ ಬೆಳೆಯುತ್ತದೆ. ಹಾಗಾಗಿ ಸ್ಟುಡಿಯೋ ಮಾರುವುದು ಬೇಡ ಎಂಬುದು ನನ್ನ ಮಾತು. ಮಾವನನ್ನು ಒಪ್ಪಿಸುವ ಕೆಲಸವೂ ನನ್ನಿಂದ ಆಗುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ನಿಮ್ಮನ್ನು ಕಾಯಿಸುವ ಮನಸ್ಸಿಲ್ಲ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಟ್ಟೆ. ಉಳಿದದ್ದನ್ನು ನಿಧಾನವಾಗಿ ಓದಿ. ಸೋಫಾಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ನೀವು ಬೀಗ ಹಾಕಿ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು ಭಾವನ ಪೀಠೋಪಕರಣದ ಅಂಗಡಿಯ ಸರಕಿನ ಫೋಟೋ ತೆಗೆಯಲು ಹೊರಟ ದಿನ ನಾನು ಜಗಳವಾಡಲಿಲ್ಲ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವಾಗ ನಮ್ಮ ಬಾಗಿಲಿಗೆ ಯಾರು ಬರುತ್ತಾರೆ ಎಂದು ನೀವು ಅಂದದ್ದು ನಿಜವೇ ಆಗಿತ್ತು. ಬನ್ನಿ ಎಂದು ನೀವು ಕರೆದಾಗ ಮಾವ, "ನಾನೆಲ್ಲಿಗೂ ಬರಲ್ಲ" ಎಂದರು, ಅವರನ್ನು ಬಿಟ್ಟು ನಾನು ಬರಲಿಲ್ಲ. ಅದಕ್ಕೆ ನೀವು, "ನಿಂಗೆ ನನಗಿಂತ ಈ ಮನೆ ಹೆಚ್ಚಾಯ್ತು" ಎಂದಿರಿ. ಹಾಗಲ್ಲ ಎಂದು ಹೇಳುವಷ್ಟರಲ್ಲಿ ನಿಮ್ಮ ಬಸ್ಸು ಹೊರಟಿತ್ತು. ಇರಲಿ.

ಬೀಗ ತೆಗೆದದ್ದು ತೊಟ್ಟಿಕ್ಕುವ ನಲ್ಲಿಯನ್ನು ಕಟ್ಟಲು. ಫೋಟೋ ತೊಳೆಯುತ್ತಿದ್ದ ಡಾರ್ಕ್ ರೂಮಿನಲ್ಲಿ ನಿಂತು ಸುಮ್ಮನೆ ಸುತ್ತ ನೋಡಿದೆ. ನೀರಿದೆ, ನೀರು ಹರಿದುಹೋಗಲು ನೆಲಕ್ಕೆ ಇಳಿಜಾರಿದೆ, ಮೂಲೆಯಲ್ಲಿ ಮೋರಿಯ ಕಿಂಡಿ ಇದೆ. ಗಾಳಿ ಎಳೆಯುವ ಫ್ಯಾನಿದೆ. ಟ್ರೇಗಳು, ಅಳತೆ ಗಾಜುಗಳು, ಥರ್ಮಾಮೀಟರು, ಗೋಡೆ ಗಡಿಯಾರ, ಎಲ್ಲ ಇದ್ದಲ್ಲೇ ಇವೆ. ಆಗ ನನಗೆ ಗಿಡಗಳ ನರ್ಸರಿ ಇಟ್ಟಿರುವಾಕೆಯ ನೆನಪಾಯಿತು. ಅವರು ಮಣ್ಣಿಲ್ಲದೆ, ನಿಲ್ಲಿಸಿದ ಪೈಪುಗಳಲ್ಲಿ ಸೊಪ್ಪು ಬೆಳೆಸುವುದನ್ನು ನೋಡಿದ್ದೆ. ಏನೇನು ಬೇಕು ಎಂದು ಹೋಗಿ ಕೇಳಿದರೆ, "ಶುದ್ಧ ನೀರು, ಸರಿಯಾದ ಅಳತೆ, ಗಡಿಯಾರ ನೋಡಿ ಕೆಲ್ಸ ಮಾಡೋ ಮನುಷ್ಯ. ಮೊದಲೆರಡು ಎಲ್ಲಾರ ಹತ್ರ ಇರುತ್ತೆ, ಮೂರನೇದೇ ಸಿಗಲ್ಲ" ಎಂದರು. ನಿಮ್ಮ ಮನೆಗೆ ಬಂದಂದಿನಿಂದ ಫೋಟೋ ಮೂಡಿಸುವ ಡೆವಲಪರ್ ಟ್ರೇ ಮುಂದೆ ಗಡಿಯಾರ ನೋಡುತ್ತಾ ನಿಂತವಳು ನಾನು. ಆ ಮೂರನೆಯದು ನಾನೇ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಒಂದು ಕೊರತೆ ಇತ್ತು, ಬೆಳಕಿನದು. ನಿಮ್ಮ ಅಪ್ಪ ಆ ಕೋಣೆಯಿಂದ ಸೂರ್ಯನನ್ನು ಕತ್ತು ಹಿಡಿದು ಹೊರದಬ್ಬಿದ್ದರಲ್ಲ, ಕಿಟಕಿಗೆ ಇಟ್ಟಿಗೆ ಕಟ್ಟಿ, ಗೋಡೆಗೆಲ್ಲ ಕಪ್ಪು ಬಳಿದು. ಕಪ್ಪಿನ ಮೇಲೆ ಬಿಳಿ ಹತ್ತುವುದು ಎಷ್ಟು ಕಷ್ಟ ಎಂದು ಬಳಿದವರಿಗೇ ಗೊತ್ತು. ಒಂದು ಸಲ ಬಳಿದರೆ ಬೂದಿ ಬಣ್ಣ, ಇನ್ನೊಂದು ಸಲ ಬಳಿದರೆ ಕೊಳೆಯಾದ ಬಿಳಿ, ಮತ್ತೊಂದು ಸಲಕ್ಕೆ ಕೋಣೆ ಬಾಯಿ ಬಿಟ್ಟು ನಕ್ಕಿತು. ಮಾವ ಮೆಟ್ಟಿಲ ಮೇಲೆ ನಿಂತು ನೋಡಿ, ತಿರುಗಿ ಮೇಲೆ ಹೋದರು. ಆ ಮೇಲೆ ಅವರು ಆ ಕೋಣೆಗೆ ಕಾಲಿಡಲೇ ಇಲ್ಲ. ತಮ್ಮ ಕೋಣೆಯನ್ನು ಸೊಸೆ ಕೆಡಿಸಿದಳು ಎಂಬ ಸಿಟ್ಟು ಎಂದುಕೊಂಡು ನಾನೂ ಕರೆಯಲಿಲ್ಲ.

ಈಗ ಇಲ್ಲಿ ಹನ್ನೆರಡು ಕಂಬಗಳು ನಿಂತಿವೆ. ಕಂಬ ಎಂದರೆ ನನ್ನ ತಲೆಗಿಂತ ಎತ್ತರದ ದಪ್ಪ ಪೈಪು. ಅದರ ಮೈತುಂಬ ಓರೆಯಾಗಿ ಬಾಯಿ ತೆರೆದ ತೂತುಗಳು, ಪ್ರತಿ ತೂತಿನಲ್ಲೂ ಒಂದು ಜಾಲರಿ ಬಟ್ಟಲು, ಬಟ್ಟಲಿನಲ್ಲಿ ಸ್ಪಂಜಿನ ತುಂಡಿಗೆ ಬೇರು ಬಿಟ್ಟ ಒಂದು ಗಿಡ. ಕೆಳಗೆ ತೊಟ್ಟಿ ಇದೆ. ತೊಟ್ಟಿಯಿಂದ ಪಂಪು ನೀರನ್ನು ನೆತ್ತಿಗೆ ಏರಿಸುತ್ತದೆ, ನೀರು ಪೈಪಿನೊಳಗೆ ಬೇರುಗಳನ್ನು ತೋಯಿಸುತ್ತಾ ಇಳಿದು ಮತ್ತೆ ತೊಟ್ಟಿ ಸೇರುತ್ತದೆ. ಕಂಬಗಳ ನಡುವೆ ಕೊಳವೆ ದೀಪಗಳನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಇಲ್ಲಿ ಕೆಸರೇ ಇಲ್ಲ. ಕೊಳಾಯಿ ಕೆಲಸದವರು ಕಂಬಗಳನ್ನು ನಿಲ್ಲಿಸಿಕೊಟ್ಟು, "ಅಕ್ಕಾ, ಮಣ್ಣಿಲ್ದೆ ಬೆಳೆದ್ರೆ ನಾನು ಮೀಸೆ ಬೋಳಿಸ್ತೀನಿ" ಎಂದಿದ್ದರು. ಈಗ ದಾರಿಯಲ್ಲಿ ನನ್ನನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿದು ಹೋಗುತ್ತಾರೆ.

ನಮ್ಮ ಕಸುಬು ಇಲ್ಲಿ ಎಷ್ಟು ಉಪಯೋಗಕ್ಕೆ ಬಂತು ಎಂದು ಹೇಳಿದರೆ ನೀವು ನಂಬುವುದಿಲ್ಲ. ಬೇರಿನ ನೀರಿಗೆ ಬೆಳಕು ತಾಗಿದರೆ ಪಾಚಿ ಕಟ್ಟುತ್ತದೆ, ಬೆಳಕು ಸೋರದಂತೆ ನೋಡಿಕೊಳ್ಳಿ ಎಂದು ನರ್ಸರಿಯಾಕೆ ಎಚ್ಚರಿಸಿದ್ದರು. ಬೆಳಕು ಸೋರುವುದನ್ನು ಹಿಡಿಯಲು ನಮಗೆ ಯಾರಾದರೂ ಕಲಿಸಬೇಕೇ? ದೀಪಗಳನ್ನೆಲ್ಲ ಆರಿಸಿ, ಪೈಪಿನೊಳಗೆ ಟಾರ್ಚ್ ಇಳಿಬಿಟ್ಟು, ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾದೆ. ಗಟ್ಟಿ ಎಂದುಕೊಂಡಿದ್ದ ಬಿಳಿ ಪೈಪು ಅಡಿಯಿಂದ ಮುಡಿಯವರೆಗೆ ಹೊಳೆಯುತ್ತಿತ್ತು. ಫೋಟೋ ಕಾಗದ ಬರುತ್ತಿದ್ದ ಕಪ್ಪು ಚೀಲಗಳನ್ನು ನೀವು ಬಿಸಾಡಲು ಹೇಳಿದ್ದಿರಿ, ನಾನು ಬಿಸಾಡಿರಲಿಲ್ಲ. ಅವನ್ನು ಕತ್ತರಿಸಿ ಪ್ರತಿ ಕಂಬಕ್ಕೂ ಅಂಗಿ ತೊಡಿಸಿದೆ. ನರ್ಸರಿಯಾಕೆ ಬಂದು ತೊಟ್ಟಿಯ ಮುಚ್ಚಳ ತೆಗೆದು ನೋಡಿ, ತಮ್ಮ ತೊಟ್ಟಿ ಇಷ್ಟು ಸ್ವಚ್ಛ ಇಲ್ಲ ಎಂದು ಒಪ್ಪಿಕೊಂಡರು. ಬೀಜ ಮೊಳೆಯುವುದಕ್ಕೂ ಕತ್ತಲೆ ಬೇಕು. ಅದಕ್ಕೆ ಕಾಗದ ಇಡುತ್ತಿದ್ದ ಬೀರು ಇದೆ, ಅದಕ್ಕಿಂತ ಒಳ್ಳೆಯ ಕತ್ತಲೆ ಈ ಊರಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಹಾಗೆಂದು ಎಲ್ಲ ಹೂವಿನ ಸರ ಎತ್ತಿದಷ್ಟು ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ಗಿಡದ ಆಹಾರ ಎರಡು ಬಾಟಲಿಯಲ್ಲಿ ಬರುತ್ತದೆ. ಒಂದನ್ನು ತೊಟ್ಟಿಯ ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದನ್ನು ಹಾಕಬೇಕು. ನನ್ನ ಕೈ ಕೇಳಬೇಕಲ್ಲ. ನಾವು ಡೆವಲಪರ್ ಬೆರೆಸುತ್ತಿದ್ದ ಹಾಗೆ ಎರಡನ್ನೂ ಒಂದೇ ಅಳತೆ ಗಾಜಿಗೆ ಸುರಿದೆ, ನೀರು ಆಮೇಲೆ ಎಂದುಕೊಂಡು. ಕಣ್ಣೆದುರೇ ಒಡೆದ ಹಾಲಿನಂತಾಗಿ ಬಿಳಿ ಗಸಿ ತಳ ಹಿಡಿಯಿತು. ಗಿಡಕ್ಕೆ ಹೋಗಬೇಕಾದ ಸತ್ವವೆಲ್ಲ ಮೋರಿಗೆ ಹೋಯಿತು. ಈಗ ಎರಡು ಬಾಟಲಿಗಳನ್ನು ಕೋಣೆಯ ಎರಡು ಮೂಲೆಗಳಲ್ಲಿ ಇಟ್ಟಿದ್ದೇನೆ, ಜಗಳವಾಡಿದ ಗಂಡಹೆಂಡಿರ ಹಾಗೆ. ತೊಟ್ಟಿ ತುಂಬ ನೀರು ನಡುವೆ ಇದ್ದರೆ ಮಾತ್ರ ಅವೆರಡೂ ಸುಮ್ಮನೆ ಇರುತ್ತವೆ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಮೊದಲ ಸಲ ಆಸೆಯಿಂದ ಎಲ್ಲ ತೂತುಗಳಿಗೂ ಒಟ್ಟಿಗೆ ಗಿಡ ಇಟ್ಟುಬಿಟ್ಟೆ. ಎಲ್ಲವೂ ಒಟ್ಟಿಗೆ ಕೊಯ್ಲಿಗೆ ಬಂದವು. ಬೀದಿಗೆಲ್ಲ ಹಂಚಿದೆ. ಪಕ್ಕದ ಅಂಗಡಿಯ ಟೈಲರ್, "ಅಮ್ಮಾ, ಇನ್ನೊಂದ್ಸಲ ಸೊಪ್ಪು ತಂದ್ರೆ ನಾನು ಶಟರ್ ಎಳ್ಕೋತೀನಿ" ಎಂದು ಕೈ ಮುಗಿದರು. ಆಮೇಲೆ ವಾರಗಟ್ಟಲೆ ಖಾಲಿ ಕಂಬಗಳ ನಡುವೆ ಕೂತು ಪಂಪಿನ ಸದ್ದು ಕೇಳಿದೆ. ಹಬ್ಬದೂಟದ ಮರುದಿನ ಉಪವಾಸ ಎಂದರೆ ಇದೇ.

ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿಯ ಪರಿಚಯವಾದದ್ದು ಆ ಉಪವಾಸ ಶುರುವಾಗುವಾಗ, ಉಳಿದಿದ್ದ ಕೊನೆಯ ಕಟ್ಟನ್ನು ಹಿಡಿದು ಹೋದಾಗ. ನಾನು ಅವರಿಗೆ ತಕ್ಕಡಿಯಮ್ಮ ಎಂದು ಹೆಸರಿಟ್ಟಿದ್ದೇನೆ, ಬಂದದ್ದನ್ನೆಲ್ಲ ಎರಡೆರಡು ಸಲ ತೂಗುತ್ತಾರೆ. ನನ್ನ ಸೊಪ್ಪನ್ನು ಮೂಸಿ, ತಿಂದು, ಚೆನ್ನಾಗಿದೆ ಎಂದರು. ಆಮೇಲೆ ಕನ್ನಡಕದ ಮೇಲಿನಿಂದ ನೋಡುತ್ತಾ, "ನಾಳೆ ತರ್ತೀಯಾ? ನಾಡಿದ್ದು? ನನ್ನ ರೋಗಿಗಳು ವಾರಕ್ಕೊಂದ್ಸಲ ಊಟ ಮಾಡಲ್ಲ. ಒಂದಿನ ಕೊಟ್ಟು ಮರುದಿನ ಕಾರಣ ಕೊಡೋರು ಈ ಬಾಗಿಲಲ್ಲಿ ಸಾಲಾಗಿ ನಿಂತಿದಾರೆ. ದಿನಾ ಕೊಡೋ ಹಾಗಾದ್ಮೇಲೆ ಬಾ" ಎಂದು ಕಳಿಸಿಬಿಟ್ಟರು.

ದಿನವೂ ಕೊಡಬೇಕೆಂದರೆ ದಿನವೂ ಬೆಳೆಯುತ್ತಿರಬೇಕು. ಅಂದಿನಿಂದ ಪ್ರತಿ ಸೋಮವಾರ ಒಂದು ಟ್ರೇ ಬೀಜ ಬೀರುವಿನೊಳಗೆ ಹೋಗುತ್ತದೆ, ಹಿಂದಿನ ಟ್ರೇ ಬೀರುವಿನಿಂದ ಬೆಳಕಿಗೆ ಬರುತ್ತದೆ, ಅದಕ್ಕೂ ಹಿಂದಿನದು ಕಂಬ ಏರುತ್ತದೆ. ವಾರಕ್ಕೆ ಎರಡು ಕಂಬ ಕೊಯ್ಲಿಗೆ ಬರುತ್ತವೆ, ಖಾಲಿಯಾದ ಕಂಬಕ್ಕೆ ಎಳೆಯವು ಬರುತ್ತವೆ. ಒಂದು ಮನೆಯಲ್ಲಿ ಅಜ್ಜಿಯಿಂದ ತೊಟ್ಟಿಲ ಕೂಸಿನವರೆಗೆ ಎಲ್ಲ ವಯಸ್ಸಿನವರೂ ಇರುತ್ತಾರಲ್ಲ, ಈ ಕೋಣೆಯೂ ಹಾಗೆ. ಹೊರಗೆ ಸೆಕೆಯೋ ಚಳಿಯೋ ಮಳೆಯೋ ಇದಕ್ಕೆ ಗೊತ್ತೇ ಇಲ್ಲ. ಇಷ್ಟು ಸಿದ್ಧವಾದ ಮೇಲೆ ಮತ್ತೆ ಹೋಗಿ ತಕ್ಕಡಿಯಮ್ಮನ ಮುಂದೆ ನಿಂತೆ. ಒಂದು ತಿಂಗಳು ದಿನ ತಪ್ಪದೆ ಕೊಟ್ಟು ತೋರಿಸು, ಆಮೇಲೆ ವರ್ಷಪೂರ್ತಿಯ ಮಾತು ಎಂದರು. ಒಂದು ದಿನ ತಪ್ಪಿದರೂ ಮತ್ತೆ ಆ ಬಾಗಿಲಿಗೆ ಬರಬೇಡ ಎಂದೂ ಸೇರಿಸಿದರು. ಆ ಆರ್ಡರ್ ಸಿಕ್ಕರೆ ಈ ಕೋಣೆ ಉಳಿಯುತ್ತದೆ, ಸಿಗದಿದ್ದರೆ ನೀವು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡು ಬೀಗದಕೈ ಕೊಟ್ಟುಬಿಡುವುದು ಎಂದು ನಾನೂ ಮನಸ್ಸಿನಲ್ಲೇ ತೀರ್ಮಾನಿಸಿದೆ.

ಮುಂದಿನದನ್ನು ಬರೆಯುವುದೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸಿದೆ. ಬರೆಯದಿದ್ದರೆ ನಿಮಗೆ ಈ ಮನೆಯ ನಿಜವಾದ ಸಂಗತಿ ಗೊತ್ತಾಗುವುದಿಲ್ಲ.

ಕೊಡಲು ಶುರುಮಾಡುವ ಹಿಂದಿನ ದಿನ ನಾನು ಪೆಟ್ಟಿಗೆ, ಚೀಲಗಳನ್ನು ತರಲು ಪಕ್ಕದ ಊರಿಗೆ ಹೋಗಿದ್ದೆ. ಹೋಗುವಾಗ ಮಾವನಿಗೆ ಹೇಳಿಯೇ ಹೋದೆ. ಸಂಜೆ ಬಂದು ನೋಡಿದರೆ ಅವರು ಡಾರ್ಕ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಎರಡು ಲೋಟ ಟೀ, ಒಂದು ಕುಡಿದದ್ದು, ಇನ್ನೊಂದು ತಟ್ಟೆ ಮುಚ್ಚಿಟ್ಟು ತಣ್ಣಗಾದದ್ದು. ನಾನು ಬಾಗಿಲಿಗೆ ಕೈ ಹಾಕಿದೊಡನೆ ಕೈ ಅಡ್ಡ ಹಿಡಿದರು.

"ತೆಗೀಬೇಡಮ್ಮ. ಕೆಂಪು ದೀಪ ಉರೀತಾ ಇದೆ, ಕಾಣಲ್ವಾ? ಒಳಗೆ ಕೆಲ್ಸ ನಡೀತಿದೆ" ಎಂದರು.

ಬಾಗಿಲ ಮೇಲಿನ ಆ ಕೆಂಪು ಬಲ್ಬನ್ನು ನಾನು ಮರೆತೇಬಿಟ್ಟಿದ್ದೆ. ಒಳಗಿನ ಸ್ವಿಚ್ ಹಾಕಿದರೆ ಅದು ತಾನೇ ಹೊತ್ತಿಕೊಳ್ಳುತ್ತದಲ್ಲ, ಗಿಡದ ದೀಪಗಳನ್ನೂ ನಾನು ಅದೇ ಬೋರ್ಡಿಗೆ ಜೋಡಿಸಿದ್ದೆ. ಮನೆಗೆ ಬೆಂಕಿ ಬಿದ್ದರೂ ಕೆಂಪು ದೀಪ ಉರಿಯುವಾಗ ಬಾಗಿಲು ತೆಗೆಯಬಾರದು ಎಂದು ನಮಗೆಲ್ಲ ಕಲಿಸಿದವರು ಮಾವ. ಅವರು ಇಷ್ಟು ದಿನ ಒಳಗೆ ಬಾರದಿದ್ದುದು ಸಿಟ್ಟಿನಿಂದ ಅಲ್ಲ, ತಾವೇ ಮಾಡಿದ ನಿಯಮವನ್ನು ಮುರಿಯಲಾರದೆ. ಈ ಮನೆಯ ಜನ ಬಿಟ್ಟು ಬೇರೆ ಯಾರೂ ಮಾಡಲಾರದ ತಪ್ಪು ಇದು.

"ಒಳಗೆ ಯಾರಿದಾರೆ ಮಾವ? ನಾನು ಇಲ್ಲೇ ನಿಂತಿದೀನಲ್ಲ" ಎಂದೆ.

"ಇನ್ಯಾರು. ಹಿಂಬಾಗಿಲಿಂದ ಬಂದಿರ್ಬೇಕು. ಬೆಳಿಗ್ಗೆ ಬಹಳ ಹೊತ್ತು ನೀರು ಬಿಟ್ಕೊಂಡು ಪ್ರಿಂಟ್ ತೊಳೀತಿದ್ದ. ಈಗ ಸದ್ದಿಲ್ಲ, ಒಣಗಿಸ್ತಾ ಇರ್ಬೇಕು. ಹೊರಗೆ ಬರ್ಲಿ ಅಂತ ಟೀ ಇಟ್ಕೊಂಡಿದೀನಿ" ಎಂದರು.

ಅವರು ಹೇಳುತ್ತಿದ್ದುದು ನಿಮ್ಮ ಬಗ್ಗೆ. ನೀವು ಬಂದಿದ್ದೀರಿ, ಒಳಗೆ ಕೆಲಸ ಮಾಡುತ್ತಿದ್ದೀರಿ ಎಂದು ತಿಳಿದು, ನಿಮ್ಮ ಒಂದು ಪ್ರಿಂಟೂ ಹಾಳಾಗಬಾರದೆಂದು ಇಡೀ ದಿನ ಬಾಗಿಲು ಕಾದಿದ್ದರು. ಅವರ ತಲೆ ಕೆಟ್ಟಿಲ್ಲ, ಮರೆವಿನ ಕಾಯಿಲೆಯೂ ಇಲ್ಲ. ನೀರಿನ ಸದ್ದು ಕೇಳಿಸಿತು, ಕೆಂಪು ದೀಪ ಕಾಣಿಸಿತು, ಸೊಸೆ ಮನೆಯಲ್ಲಿಲ್ಲ. ಬೇಕಾದದ್ದನ್ನೇ ಮನಸ್ಸು ಹೇಳಿತು, ಅವರು ನಂಬಿದರು. ಆ ಕ್ಷಣದಲ್ಲಿ ನನಗೆ ನಿಮ್ಮ ಮೇಲೆ ಬಂದಷ್ಟು ಸಿಟ್ಟು ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ನಾನು ಬಾಗಿಲು ತೆಗೆದೆ. ಪಂಪಿನ ಕೊಳವೆ ಮೇಲಿನ ಜೋಡಣೆಯಿಂದ ಕಳಚಿಕೊಂಡು, ತೊಟ್ಟಿಯ ನೀರೆಲ್ಲ ನೆಲಕ್ಕೆ ಚೆಲ್ಲಿ, ಮೋರಿಯ ಕಿಂಡಿಯಲ್ಲಿ ಹರಿದುಹೋಗಿತ್ತು. ಪಂಪು ಬರಿ ಗಾಳಿ ಎಳೆಯುತ್ತಾ ಸುಟ್ಟು ನಿಂತಿತ್ತು. ದೀಪಗಳು ಮಾತ್ರ ತಮ್ಮ ಪಾಡಿಗೆ ಉರಿಯುತ್ತಿದ್ದವು. ಗಿಡಗಳೆಲ್ಲ ಒಗೆದು ಹಾಕಿದ ಬಟ್ಟೆಯ ಹಾಗೆ ಕಂಬಗಳಿಗೆ ಜೋತುಬಿದ್ದಿದ್ದವು. ಮಾವ ನನ್ನ ಹಿಂದೆಯೇ ಒಳಗೆ ಬಂದರು. ಅವರ ಕಣ್ಣು ಗಿಡಗಳನ್ನು ನೋಡಲಿಲ್ಲ, ಮೊದಲು ನಾಲ್ಕು ಮೂಲೆಗಳನ್ನು ನೋಡಿತು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಗೋಡೆ ಹಿಡಿದುಕೊಂಡು ನಿಂತರು.

ನಾನು ಅಳುವುದಕ್ಕೆ ಶುರುಮಾಡುವ ಮೊದಲು ಮಾತಾಡಿದವರೂ ಅವರೇ. "ದೀಪ ಆರ್ಸಮ್ಮ ಮೊದ್ಲು. ಬಾಯಾರಿದವ್ರನ್ನ ಬಿಸಿಲಲ್ಲಿ ನಿಲ್ಲಿಸ್ತಾರಾ" ಎಂದರು. ದೀಪ ಆರಿಸಿದೆವು, ಫ್ಯಾನ್ ಹಾಕಿದೆವು. ನಾನು ನಲ್ಲಿಯಿಂದ ನೀರು ಹಿಡಿದು ಹಿಡಿದು ಕೊಟ್ಟೆ, ಅವರು ಮೊಗೆಯಿಂದ ಒಂದೊಂದು ಕಂಬದ ನೆತ್ತಿಗೂ ಸುರಿದರು. ಕೊಳಾಯಿಯವರು ಬೇರೆ ಪಂಪು ತರುವವರೆಗೂ ಇಬ್ಬರೂ ಸುರಿಯುತ್ತಲೇ ಇದ್ದೆವು. ಆ ಹೊತ್ತಿಗೆ ನನ್ನ ಸೀರೆ ಮೊಣಕಾಲಿನವರೆಗೆ, ಅವರ ಅಂಗಿ ಹೆಗಲಿನವರೆಗೆ ತೊಯ್ದುಹೋಗಿದ್ದವು.

ಆ ವಾರ ಕೊಯ್ಯಬೇಕಿದ್ದ ಎರಡು, ಮುಂದಿನ ವಾರದ ಎರಡು, ನಾಲ್ಕು ಕಂಬಗಳೂ ಹೋದವು. ದೊಡ್ಡ ಎಲೆ, ದೊಡ್ಡ ಬಾಯಾರಿಕೆ, ಅವು ತಡೆಯಲಿಲ್ಲ. ನಡುವಯಸ್ಸಿನವು ಸ್ವಲ್ಪ ಹೊತ್ತಿನ ಮೇಲೆ ಒಂದೊಂದಾಗಿ ತಲೆ ಎತ್ತಿದವು. ಎಳೆಯವಕ್ಕೆ ಏನೂ ಆಗಿರಲಿಲ್ಲ. ಬೀರುವಿನ ಬೀಜಗಳಿಗಂತೂ ಇಂಥದ್ದೊಂದು ನಡೆಯಿತೆಂಬ ಸುದ್ದಿಯೇ ತಲುಪಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬಿತ್ತಿದ್ದರೆ ಎಲ್ಲವೂ ಒಟ್ಟಿಗೆ ಹೋಗುತ್ತಿದ್ದವು. ಸರದಿಯಲ್ಲಿ ಬಿತ್ತಿದ್ದರಿಂದ ನಮಗೆ ನಾಳೆ ಎಂಬುದು ಉಳಿದಿತ್ತು.

ಮಾರನೆಯ ಬೆಳಿಗ್ಗೆ ಖಾಲಿ ಕೈಯಲ್ಲಿ ಹೋಗಲಿಲ್ಲ. ಉಳಿದ ಗಿಡಗಳನ್ನು ಬುಡಸಹಿತ ಕೀಳದೆ, ಪ್ರತಿಯೊಂದರಿಂದಲೂ ಹೊರಗಿನ ಒಂದೆರಡು ಎಲೆ ಮಾತ್ರ ಕತ್ತರಿಸಿಕೊಂಡೆ. ಒಳಗಿನ ಕುಡಿ ಹಾಗೇ ಬೆಳೆಯುತ್ತಿರುತ್ತದೆ. ಮಾತಾಗಿದ್ದ ತೂಕದ ಅರ್ಧವೂ ಆಗಲಿಲ್ಲ. ತಕ್ಕಡಿಯಮ್ಮ ಒಂದು ಸಲ ತೂಗಿದರು, ಇನ್ನೊಂದು ಸಲ ತೂಗಿದರು, ಆಮೇಲೆ ನನ್ನನ್ನು ನೋಡಿದರು. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮೂರು ವಾರ ತೂಕ ಕಡಿಮೆ ಇರುತ್ತದೆ, ಆದರೆ ಒಂದು ದಿನವೂ ತಪ್ಪುವುದಿಲ್ಲ, ಬೇಕಿದ್ದರೆ ಇಟ್ಟುಕೊಳ್ಳಿ, ಬೇಡವಾದರೆ ಈಗಲೇ ಹೇಳಿಬಿಡಿ ಎಂದೆ. ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳುವ ಸ್ಥಿತಿಯಲ್ಲಿದ್ದೆ, ಆದರೂ ಬೇಡಿಕೊಳ್ಳಲಿಲ್ಲ. "ನಿನ್ ಮಾವ ಬಾಗಿಲು ಕಾದ್ರಾ, ಇಡೀ ದಿನ?" ಎಂದು ಅವರು ಅದನ್ನೊಂದೇ ಮತ್ತೆ ಕೇಳಿದರು. ಹೌದೆಂದೆ. ಸೊಪ್ಪನ್ನು ಒಳಗೆ ತೆಗೆದುಕೊಂಡರು.

ತಿಂಗಳು ಮುಗಿಯಿತು. ಒಂದು ದಿನವೂ ತಪ್ಪಲಿಲ್ಲ. ಕೊನೆಯ ದಿನ ತಕ್ಕಡಿಯಮ್ಮ ಒಂದೇ ಸಲ ತೂಗಿದರು, ಅದೇ ನನಗೆ ಸಿಕ್ಕ ಬಿರುದು. ವರ್ಷಪೂರ್ತಿಯ ಆರ್ಡರ್ ಕೈಸೇರಿದೆ, ಅದೂ ಈಗಿನದಕ್ಕಿಂತ ಹೆಚ್ಚಿನದು. ಮುಂಭಾಗದ ಕೋಣೆಯಲ್ಲಿ, ನೀವು ಪರದೆ ಕಟ್ಟಿ ಜನರನ್ನು ಕೂರಿಸಿ ನಗಿ ನಗಿ ಎನ್ನುತ್ತಿದ್ದ ಜಾಗದಲ್ಲಿ, ಇನ್ನೂ ಹನ್ನೆರಡು ಕಂಬ ನಿಲ್ಲಿಸುತ್ತೇನೆ. ನಿಮ್ಮ ಗಿರಾಕಿ ತಿಂಗಳ ಕೊನೆಗೆ ಬಂದರೆ ಬರಲಿ, ಒಂದು ಕಟ್ಟು ಸೊಪ್ಪು ಕೊಟ್ಟು ಕಳಿಸುತ್ತೇನೆ.

ಕೆಂಪು ಬಲ್ಬಿನ ತಂತಿಯನ್ನು ಗಿಡಗಳು ಬಾಡಿದ ಮರುದಿನವೇ ಕಳಚಿದೆ. ಈಗ ಮಾವ ದಿನವೂ ಒಳಗೆ ಬರುತ್ತಾರೆ, ನನಗಿಂತ ಮೊದಲೇ. ನೆಗೆಟಿವ್ ಹಿಡಿಯುತ್ತಿದ್ದ ಸಣ್ಣ ಚಿಮುಟವನ್ನು ತೆಗೆದುಕೊಂಡು ಒಂದೊಂದೇ ಬೀಜವನ್ನು ಸ್ಪಂಜಿನೊಳಗೆ ಕೂರಿಸುತ್ತಾರೆ. ಕನ್ನಡಕ ಹಣೆಗೇರಿಸಿ, ಉಸಿರು ಬಿಗಿಹಿಡಿದು, ಹಿಂದೆ ಮದುಮಗಳ ಕೆನ್ನೆಯ ಮಚ್ಚೆ ಅಳಿಸುವಾಗ ಕೂರುತ್ತಿದ್ದ ಹಾಗೆಯೇ ಕೂರುತ್ತಾರೆ. ನಾನು ಬೆರಳಲ್ಲಿ ಉದುರಿಸಿದರೆ ಬೈಯುತ್ತಾರೆ. ನೀವು ಬಂದಿದ್ದೀರಿ ಎಂದು ತಿಳಿದ ಆ ದಿನದ ಬಗ್ಗೆ ಅವರು ಮತ್ತೆ ಮಾತೆತ್ತಿಲ್ಲ. ನಾನೂ ಅವರೆದುರು ಎತ್ತಿಲ್ಲ, ತಕ್ಕಡಿಯಮ್ಮನನ್ನು ಬಿಟ್ಟರೆ ಹೇಳುತ್ತಿರುವುದು ನಿಮಗೆ ಮಾತ್ರ.

ಇನ್ನು ಕೆಲಸದ ಮಾತು. ಕಂಬಗಳ ಮೇಲಿನ ಸಾಲು ಚೆನ್ನಾಗಿ ಬರುತ್ತದೆ, ನಡುವಿನದೂ ಪರವಾಗಿಲ್ಲ, ತಳದ ಸಾಲಿನ ಗಿಡಗಳು ಮಾತ್ರ ಸಪ್ಪೆ, ಕತ್ತು ಉದ್ದ ಮಾಡಿ ಬೆಳಕು ಹುಡುಕುತ್ತವೆ. ದೀಪ ಹತ್ತಿರ ತಂದರೆ ಎಲೆ ಸುಡುತ್ತದೆ, ದೂರ ಇಟ್ಟರೆ ಮತ್ತೆ ಅದೇ ಕಥೆ. ನನಗೆ ನೀರು ಗೊತ್ತು, ಅಳತೆ ಗೊತ್ತು, ಗಡಿಯಾರ ಗೊತ್ತು. ಬೆಳಕು ನನ್ನ ಕೈಗೆ ಸಿಗುವುದಿಲ್ಲ. ಒಂದು ಬಿಳಿ ಹಲಗೆ ಹಿಡಿದು, ಎರಡು ಹೆಜ್ಜೆ ಹಿಂದೆ ಸರಿದು, ಮುಖದ ನೆರಳನ್ನು ಕರಗಿಸುವುದನ್ನು ನಾನು ಒಬ್ಬರಲ್ಲಿ ಮಾತ್ರ ನೋಡಿದ್ದೇನೆ. ಅವರು ಈಗ ಸೋಫಾಗಳ ಮುಂದೆ ನಿಂತು ಆ ವಿದ್ಯೆಯನ್ನು ಖರ್ಚು ಮಾಡುತ್ತಿದ್ದಾರೆ.

ಇದು ಬರಿಯ ಕೆಲಸದ ಮಾತು ಎಂದು ನೀವು ನಂಬುವುದಿಲ್ಲ, ನಂಬಲೂಬೇಡಿ. ದೀಪ ಸರಿಮಾಡುವವರು ಈ ಊರಿನಲ್ಲೂ ಸಿಗುತ್ತಾರೆ. ನೀವಿಲ್ಲದೆ ಈ ಮನೆ ನಡೆಯುತ್ತದೆ, ನಡೆಸಿ ತೋರಿಸಿದ್ದೇನೆ, ಮುಂದೆಯೂ ನಡೆಸುತ್ತೇನೆ. ನಡೆಯುವುದಿಲ್ಲ ಎಂಬ ಕಾರಣಕ್ಕೆ ಕರೆಯುತ್ತಿಲ್ಲ. ನೀವು ಇರಬೇಕು ಎನಿಸುತ್ತದೆ, ಅದಕ್ಕೆ ಕರೆಯುತ್ತಿದ್ದೇನೆ. ಬಂದರೆ ಯಜಮಾನಿಕೆ ಸಿಗುವುದಿಲ್ಲ. ಬೆಳಿಗ್ಗೆ ಬೇಗ ಏಳಬೇಕು, ತೊಟ್ಟಿ ತಿಕ್ಕಬೇಕು, ನನ್ನ ಮಾತು ಕೇಳಬೇಕು. ಯೋಚಿಸಿ ನೋಡಿ. ಆರೋಗ್ಯ ನೋಡಿಕೊಳ್ಳಿ, ಭಾವನ ಮನೆಯವರಿಗೆಲ್ಲ ನನ್ನ ನೆನಪು ಹೇಳಿ.

ಇಲ್ಲೇ ಇರುವ,
ನಿಮ್ಮವಳು

ಕೊನೆಯಲ್ಲೊಂದು ಮಾತು: ಮಾವನನ್ನು ಒಪ್ಪಿಸಲು ನನ್ನಿಂದಾಗುವುದಿಲ್ಲ ಎಂದೆನಲ್ಲ, ಅದು ಹಟದಿಂದ ಅಲ್ಲ. ನಿಮ್ಮ ಕಾಗದ ಬರುವ ಮೊದಲೇ ಅವರು ಸ್ಟುಡಿಯೋವನ್ನು ನನ್ನ ಹೆಸರಿಗೆ ಬರೆದುಕೊಟ್ಟಿದ್ದಾರೆ. ಮಗನಿಗೆ ಸೇರಬೇಕಾದದ್ದು ನನಗೇಕೆ ಎಂದು ನಾನು ಬೇಡವೆಂದೆ. "ಅವನಿಗೆ ಕೊಟ್ರೆ ಮಾರ್ತಾನೆ. ನಿನಗೆ ಕೊಟ್ರೆ ಅವನು ವಾಪಸ್ ಬರೋಕೆ ಒಂದು ಜಾಗ ಇರುತ್ತೆ" ಎಂದರು. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ನೀವು ಮುಂದೆ ಓದುತ್ತಿರಲಿಲ್ಲ. ಇಲ್ಲಿ ಇನ್ನು ನಿಮಗೆ ಮಾರಲು ಏನೂ ಇಲ್ಲ. ಈಗ ಬಂದರೆ ಯಾತಕ್ಕಾಗಿ ಬಂದಿರಿ ಎಂದು ನಾನು ಕೇಳಬೇಕಾಗುವುದಿಲ್ಲ.